ಬೇಲಿ ಹಾಕಿಸಿಕೊಂಡವರು

ಮನುಷ್ಯ ಬುದ್ಧಿವಂತನಾಗಿರುವುದು ಬೇಲಿ ಹಾಕಿಸುವ ಹಿಂದಿನ ದಿನದವರೆಗೆ ಮಾತ್ರ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ತೊಂಬತ್ತರ ದಶಕದ ಆರಂಭದಿಂದ ಸುಮಾರು ಹದಿನಾರು ವರ್ಷ, ಅರಸೀಕೆರೆಯ ರೈಲ್ವೆ ಗೇಟಿನ ಆಚೆ ಒಂದು ಶೆಡ್ಡು ಹಾಕಿಕೊಂಡು, ಕೈಯಲ್ಲಿ ತಿರುಗಿಸುವ ಮೆಷಿನ್ನಿನಲ್ಲಿ ತಂತಿ ಜಾಲರಿ ನೇಯ್ದು, ಜನರ ಮನೆ ಸುತ್ತ ಬೇಲಿ ಹಾಕಿಕೊಟ್ಟವನು ನಾನು. ಚೈನ್‌ಲಿಂಕ್ ಅನ್ನುತ್ತಾರಲ್ಲ, ಶಂಕರಪೋಳಿ ಆಕಾರದ ಕಣ್ಣುಗಳಿರುವ ಜಾಲರಿ, ಅದು. ಬೇಲೂರು, ಹಳೇಬೀಡು, ಗಂಡಸಿ, ಎಲ್ಲ ಕಡೆಯೂ ನನ್ನ ಬೇಲಿಗಳಿವೆ. ಪ್ರತಿಯೊಂದು ಬೇಲಿಯ ಒಳಗೂ ಒಬ್ಬ ಮೂರ್ಖನಿದ್ದಾನೆ ಅಂದರೆ ತಪ್ಪಾಗುತ್ತದೆ. ಕೆಲವು ಕಡೆ ಇಬ್ಬರಿದ್ದಾರೆ.

ಕಂಬ ನಿಲ್ಲಿಸಿ, ಜಾಲರಿ ಎಳೆದು ಕಟ್ಟುವುದಕ್ಕೆ ನನ್ನ ಜೊತೆ ಗಂಡಸಿ ಕಡೆಯ ಒಬ್ಬ ಮೇಸ್ತ್ರಿ ಇದ್ದ. ಮಾತು ಕಡಿಮೆ. ಇಡೀ ದಿನ ಬಾಯಿ ಬಿಡದೆ ಕೆಲಸ ಮಾಡಿ, ಸಂಜೆ ಹೊರಡುವಾಗ ಒಂದೇ ಒಂದು ಮಾತು ಆಡುತ್ತಿದ್ದ. ಆ ಮಾತು ಕೇಳಿದ ಗಿರಾಕಿ ಮತ್ತೆ ನಮ್ಮ ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಇಂಥವನನ್ನು ಯಾಕೆ ಇಟ್ಟುಕೊಂಡಿದ್ದೆ ಅಂದರೆ, ಅವನು ನಿಲ್ಲಿಸಿದ ಕಂಬ ಅಲ್ಲಾಡುತ್ತಿರಲಿಲ್ಲ. ಮತ್ತೆ, ನಾನು ಹೇಳಬೇಕು ಅಂದುಕೊಂಡು ನುಂಗಿಕೊಳ್ಳುತ್ತಿದ್ದುದನ್ನೇ ಅವನು ಹೇಳುತ್ತಿದ್ದ.

ದೊಡ್ಡ ನಂಬರು

ಅರಸೀಕೆರೆಯ ಹೊಸ ಬಡಾವಣೆಯಲ್ಲಿ ಒಬ್ಬ ಲೆಕ್ಚರರ್ ಮನೆ ಕಟ್ಟಿಸಿದ್ದರು. ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಹೇಳುವವರು. ಪಕ್ಕದ ಮನೆ ಕೊಬ್ಬರಿ ಮಂಡಿ ಸಾಹುಕಾರರದ್ದು. ಅವರಿಗೆ ಹಿಂದಿನ ವರ್ಷವೇ ನಾನು ಬೇಲಿ ಹಾಕಿಕೊಟ್ಟಿದ್ದೆ. ಲೆಕ್ಚರರ್ ಶೆಡ್ಡಿಗೆ ಬಂದವರೇ ಕೇಳಿದರು.

"ಸಾಹುಕಾರರಿಗೆ ಎಷ್ಟು ಗೇಜಿನ ತಂತಿ ಹಾಕಿದ್ರಿ?"

"ಹತ್ತು ಗೇಜು ಸಾರ್."

"ಹಾಗಾದ್ರೆ ನನಗೆ ಹದಿನಾರು ಹಾಕಿ."

ತಂತಿಯ ಲೆಕ್ಕ ತಿರುವುಮುರುವು. ಗೇಜಿನ ನಂಬರು ಏರಿದಷ್ಟೂ ತಂತಿ ಸಣ್ಣಗಾಗುತ್ತದೆ. ಎಂಟು ದಪ್ಪ, ಹತ್ತು ಅದಕ್ಕಿಂತ ಸಣ್ಣ, ಹದಿನಾರು ಅಂದರೆ ಹೂವು ಕಟ್ಟಬಹುದು. ಇದನ್ನು ಬಹಳ ವಿನಯದಿಂದ ವಿವರಿಸಿದೆ. ಅವರು, ಹಿಂದಿನ ಬೆಂಚಿನ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಹತ್ತು ದೊಡ್ಡದೋ ಹದಿನಾರು ದೊಡ್ಡದೋ?"

"ಹದಿನಾರೇ ದೊಡ್ಡದು ಸಾರ್."

"ಮತ್ತೆ?"

ಒಳಗೆ ಹೋಗಿ ಎರಡೂ ತಂತಿಯ ತುಂಡು ತಂದು ಅವರ ಎರಡು ಕೈಯಲ್ಲಿ ಇಟ್ಟೆ. ತೂಗಿ ನೋಡಿದರು. ಬಗ್ಗಿಸಿ ನೋಡಿದರು. ಆಮೇಲೆ ಎರಡನ್ನೂ ವಾಪಸು ಕೊಟ್ಟು, "ಇದು ಸ್ಯಾಂಪಲ್ಲು. ಸ್ಯಾಂಪಲ್ಲಿನಲ್ಲಿ ಯಾವಾಗಲೂ ಮೋಸ ಇರುತ್ತೆ. ನಾನು ಹೇಳಿದ್ದು ಹಾಕಿ," ಅಂದರು.

ಹಾಕಿದೆ. ನನ್ನ ಮೆಷಿನ್ನು ಹುಟ್ಟಿದಮೇಲೆ ಅಂಥ ಜಾಲರಿ ನೇಯ್ದಿರಲಿಲ್ಲ. ಮಾಮೂಲಿ ಜಾಲರಿಯ ಐವತ್ತಡಿ ಸುರುಳಿಯನ್ನು ಹೊರುವುದಕ್ಕೆ ಇಬ್ಬರು ಬೇಕು. ಇದನ್ನು ಮೇಸ್ತ್ರಿ ಒಬ್ಬನೇ, ಸ್ನಾನ ಮುಗಿಸಿ ಬಂದವನು ಟವೆಲ್ಲು ಹಾಕಿಕೊಳ್ಳುವ ಹಾಗೆ ಹೆಗಲ ಮೇಲೆ ಹಾಕಿಕೊಂಡು ಹೋದ. ಕೆಲಸ ಮುಗಿದ ದಿನ ಲೆಕ್ಚರರ್ ಬೇಲಿಯ ಆಚೆ ನಿಂತಿದ್ದ ಸಾಹುಕಾರರಿಗೆ ಕೇಳುವ ಹಾಗೆ, "ನಿಮ್ಮದು ಹತ್ತು, ನಮ್ಮದು ಹದಿನಾರು," ಅಂದರು. ಸಾಹುಕಾರರು ಬೇಲಿ ಮುಟ್ಟಿ ನೋಡಿ, ಒಳ್ಳೆಯದಾಗಲಿ ಅಂದು ಒಳಗೆ ಹೋದರು. ವ್ಯಾಪಾರಸ್ಥರು ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸುಮ್ಮನಿರುತ್ತಾರೆ.

ಒಂದು ತಿಂಗಳು ಕಳೆದಿರಬೇಕು. ಸಾಹುಕಾರರ ಎಮ್ಮೆ ಬೀದಿ ಕಡೆಯಿಂದ ಬಂದು, ಲೆಕ್ಚರರ ಬೇಲಿಗೆ ಕುತ್ತಿಗೆ ಉಜ್ಜಿಕೊಂಡಿತು. ಎಮ್ಮೆಗೆ ತುರಿಕೆ ಹೋಯಿತೋ ಇಲ್ಲವೋ, ಒಂದು ಪಕ್ಕದ ಬೇಲಿ ಪೂರ್ತಿ ಹೋಯಿತು. ಅದು ನಿಧಾನವಾಗಿ ಒಳಗೆ ನಡೆದು, ಎಲೆಕೋಸಿನ ಸಾಲು ಮುಗಿಸಿ, ಕೊಂಬಿಗೆ ಸಿಕ್ಕಿಕೊಂಡ ಇಪ್ಪತ್ತಡಿ ಜಾಲರಿಯನ್ನು ಎಳೆದುಕೊಂಡು ತನ್ನ ಕೊಟ್ಟಿಗೆಗೆ ಹೋಗಿ ನಿಂತಿತು. ಲೆಕ್ಚರರ್ ಸ್ಕೂಟರಿನಲ್ಲಿ ಶೆಡ್ಡಿಗೆ ಬಂದರು.

"ಏನ್ರೀ ಇದು? ಒಂದು ಎಮ್ಮೆ ನಿಮ್ಮ ಬೇಲಿ ಮುರಿದು ಹಾಕಿದೆ."

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ತಲೆ ಎತ್ತಿದ.

"ಮುರಿದಿಲ್ಲ ಸಾರ್. ಉಟ್ಕೊಂಡು ಹೋಗೈತೆ."

ದಿಕ್ಕು ತೋಚದ ಮನೆ

ಹಳೇಬೀಡಿನಲ್ಲಿ, ದೇವಸ್ಥಾನಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರೊಬ್ಬರ ಮನೆ. ಅವರ ಹೆಂಡತಿ ಪಕ್ಕದ ಹಳ್ಳಿಯ ಸ್ಕೂಲಿನಲ್ಲಿ ಟೀಚರು. ಗುಮಾಸ್ತರು ಜೀವಮಾನವೆಲ್ಲ ಬೇರೆಯವರ ಅರ್ಜಿಯಲ್ಲಿ ಏನು ಕೊರತೆ ಇದೆ ಅಂತ ಹುಡುಕಿದವರು. ರಿಟೈರಾದ ಮೇಲೆ ಹುಡುಕುವುದಕ್ಕೆ ಅರ್ಜಿ ಇಲ್ಲದೆ, ಸ್ವಂತ ಮನೆಯಲ್ಲೇ ಹುಡುಕುತ್ತಿದ್ದರು.

"ನಾಲ್ಕೂ ಕಡೆ ಆರಡಿ ಜಾಲರಿ ಹಾಕಿಬಿಡಿ. ಗೇಟು ಎಲ್ಲಿ ಅಂತ ವಾಸ್ತು ನೋಡೋರು ಬಂದು ಹೇಳ್ತಾರೆ," ಅಂದರು.

ಮೂರು ಕಡೆ ಮುಗಿಸುವ ಹೊತ್ತಿಗೆ ವಾಸ್ತು ಪಂಡಿತರು ಹಾಸನದ ಬಸ್ಸಿಳಿದು ಬಂದರು. ಅಂಗಳದ ನಡುವೆ ನಿಂತು ಒಂದು ಸುತ್ತು ಹಾಕಿದರು. ಪೂರ್ವಕ್ಕೆ ಗೇಟು ಇಡೋಣವೆಂದರೆ ಎದುರಿಗೇ ಲೈಟುಕಂಬ, ಯಜಮಾನನ ಆಯಸ್ಸಿಗೆ ಆಗಿಬರುವುದಿಲ್ಲ. ಉತ್ತರಕ್ಕೆ ಪಕ್ಕದ ಮನೆಯವರ ಬಚ್ಚಲ ಗುಂಡಿ. ಪಶ್ಚಿಮಕ್ಕೆ ನೆಲ ಇಳಿಜಾರು, ಬಂದ ಲಕ್ಷ್ಮಿ ಹಾಗೇ ಜಾರಿ ಹೋಗುತ್ತಾಳೆ. ದಕ್ಷಿಣ ಹೇಗೂ ಯಮನದು. ಪಂಡಿತರು ಕಣ್ಣು ಮುಚ್ಚಿ ಯೋಚಿಸಿ, "ಲೆಕ್ಕ ಹಾಕಿ ಹೇಳಬೇಕು," ಅಂದು ಕಾಫಿ ಕುಡಿದು ಹೊರಟುಹೋದರು.

"ಸದ್ಯಕ್ಕೆ ನಾಲ್ಕನೇ ಕಡೆಯೂ ಮುಚ್ಚಿಬಿಡಿ," ಅಂದರು ಗುಮಾಸ್ತರು.

"ನೀವು ಓಡಾಡೋದು ಹೇಗೆ ಸ್ವಾಮಿ?"

"ಏಣಿ ಇದೆ."

ನಿಜವಾಗಿಯೂ ಏಣಿ ಇತ್ತು. ಒಂದಲ್ಲ, ಎರಡು. ಒಂದು ಒಳಗೆ, ಒಂದು ಹೊರಗೆ. ನಡುವೆ ಬೇಲಿ. ಟೀಚರಮ್ಮ ದಿನಾ ಬೆಳಿಗ್ಗೆ ಊಟದ ಡಬ್ಬಿಯನ್ನು ಹೆಗಲಿಗೆ ನೇತುಹಾಕಿ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಏಣಿ ಹತ್ತಿ ಇನ್ನೊಂದು ಏಣಿ ಇಳಿದು ಸ್ಕೂಲಿಗೆ ಹೋಗುತ್ತಿದ್ದರು. ಗ್ಯಾಸ್ ಸಿಲಿಂಡರಿನವನು ಬೇಲಿಯ ಹೊರಗೇ ಸಿಲಿಂಡರು ಇಳಿಸಿ, ದೊಡ್ಡ ನಮಸ್ಕಾರ ಹಾಕಿ ಹೋದ. ದೇವಸ್ಥಾನ ನೋಡಲು ಬಂದಿದ್ದ ಒಂದು ಬಸ್ಸಿನ ಪ್ರವಾಸಿಗಳು ಟೀಚರಮ್ಮ ಏಣಿ ಹತ್ತುವುದನ್ನು ನಿಂತು ನೋಡಿದರಂತೆ. ಅದರಲ್ಲಿ ಇಬ್ಬರು ಫೋಟೊ ತೆಗೆದರಂತೆ. ಜೊತೆಯಲ್ಲಿದ್ದ ಗೈಡು ಅವರಿಗೆ ಏನು ವಿವರಣೆ ಕೊಟ್ಟನೋ ಗೊತ್ತಿಲ್ಲ. ಆದರೆ ಅವರು ಹೋಗುವಾಗ ಟೀಚರಮ್ಮನಿಗೆ ಕೈ ಮುಗಿದರು.

ಹದಿನೆಂಟು ದಿನ ಆದ ಮೇಲೆ, ಒಂದು ಭಾನುವಾರ, ಪಂಡಿತರು ಮತ್ತೆ ಬಂದರು. ಅವತ್ತು ನಾವೂ ಅಲ್ಲೇ ಇದ್ದೆವು, ಒಂದು ಮೂಲೆಯ ಜಾಲರಿ ಬಿಗಿ ಮಾಡುವುದಕ್ಕೆ. ಗುಮಾಸ್ತರು ಹಾಸನಕ್ಕೆ ಹೋಗಿದ್ದರು. ಟೀಚರಮ್ಮ ಅಡಿಗೆ ಮನೆಯಿಂದ ಬಂದು ಬೇಲಿಯ ಹೊರಗೆ ನಿಂತಿದ್ದ ಪಂಡಿತರನ್ನು ನೋಡಿದರು. ಒಳಗಿನ ಏಣಿ ಹತ್ತಿ, ಹೊರಗಿನ ಏಣಿಯನ್ನೂ ಎತ್ತಿ ಒಳಗೆ ಎಳೆದುಕೊಂಡರು.

ಮಧ್ಯಾಹ್ನ ಒಂದು ಗಂಟೆ. ನೆತ್ತಿ ಸುಡುವ ಬಿಸಿಲು. ಒಳಗಿನಿಂದ ಹುರುಳಿಕಾಳಿನ ಸಾರಿನ ವಾಸನೆ ಜಾಲರಿಯ ಎಲ್ಲ ಕಣ್ಣುಗಳಿಂದಲೂ ಹೊರಗೆ ಬರುತ್ತಿತ್ತು. ಪಂಡಿತರು ಬೇಲಿ ಹಿಡಿದುಕೊಂಡು ನಿಂತರು.

"ಊಟ ಸಿದ್ಧವಾಗಿದೆ," ಅಂದರು ಟೀಚರಮ್ಮ. "ಯಾವ ದಿಕ್ಕಿನಿಂದ ಒಳಗೆ ಬರ್ತೀರಿ ಹೇಳಿ, ಏಣಿ ಅಲ್ಲೇ ಇಡ್ತೀನಿ."

ಪಂಡಿತರು ಸುತ್ತ ನೋಡಿದರು. ಈ ಸಾರಿ ಕಣ್ಣು ಮುಚ್ಚಲಿಲ್ಲ.

"ಪೂರ್ವದಿಂದಲೇ ಬರಬಹುದು ತಾಯಿ. ದೋಷ ಏನೂ ಇಲ್ಲ."

"ಲೈಟುಕಂಬ ಇದೆಯಲ್ಲ?"

"ಅದಕ್ಕೆ ಒಂದು ನಿಂಬೆಹಣ್ಣು ಕಟ್ಟಿದರಾಯಿತು."

ಒಂದು ಅಡಿ ಜಾಗ

ಗೆಂಡೆಹಳ್ಳಿಯ ಅಣ್ಣ ತಮ್ಮಂದಿರು ಇಬ್ಬರೂ ಓದಿದವರು, ಇಬ್ಬರಿಗೂ ಸರ್ಕಾರಿ ಸಂಬಳ. ಅಪ್ಪನ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರು. ಮೂರು ವರ್ಷದಿಂದ ಮಾತಿಲ್ಲ. ಈಗ ಹಿತ್ತಲಿಗೂ ಬೇಲಿ ಬೇಕಾಗಿತ್ತು.

ನಾನು, ಗಡಿ ಗೆರೆಯ ಮೇಲೆ ಒಂದೇ ಬೇಲಿ ಹಾಕೋಣ, ಇಬ್ಬರಿಗೂ ಆಗುತ್ತೆ ಅಂದೆ.

"ಗೆರೆ ಮೇಲೆ ಹಾಕಿದ್ರೆ ಅರ್ಧ ಬೇಲಿ ಅವನದಾಗುತ್ತೆ," ಅಂದ ಅಣ್ಣ. ತನ್ನ ಜಾಗದಲ್ಲಿ ಅರ್ಧ ಅಡಿ ಒಳಕ್ಕೆ ಹಾಕಿಸಿಕೊಂಡ. ಅದು ಮುಗಿದ ಮರುದಿನ ತಮ್ಮ ನನ್ನನ್ನು ಕರೆದ. "ಅವನ ಬೇಲಿ ನೋಡ್ಕೊಂಡು ನಾನ್ಯಾಕೆ ಕೂತ್ಕೊಳ್ಲಿ? ನನಗೆ ನನ್ನದೇ ಹಾಕಿ," ಅಂದ. ಅವನೂ ತನ್ನ ಕಡೆ ಅರ್ಧ ಅಡಿ ಒಳಕ್ಕೆ ಹಾಕಿಸಿದ. ಹೀಗೆ ಎರಡು ಬೇಲಿಗಳ ನಡುವೆ ಒಂದು ಅಡಿ ಅಗಲ, ಎಂಬತ್ತು ಅಡಿ ಉದ್ದದ ಓಣಿ ಆಯಿತು. ಎರಡು ತುದಿಗೂ ಜಾಲರಿ. ಮನುಷ್ಯ ಹೋಗುವ ಹಾಗಿಲ್ಲ, ದನ ಹೋಗುವ ಹಾಗಿಲ್ಲ. ನನಗೆ ಒಂದರ ಬದಲು ಎರಡು ಕೆಲಸ ಸಿಕ್ಕಿದ್ದರಿಂದ ನಾನು ಬುದ್ಧಿ ಹೇಳುವುದಕ್ಕೆ ಹೋಗಲಿಲ್ಲ.

ಎರಡು ವಾರದ ಮೇಲೆ ನಮಗೆ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಹಿತ್ತಲಿನಲ್ಲಿ ಜನ. ನಡುವೆ ಪಂಚಾಯ್ತಿ ಮೆಂಬರು. ಒಂದು ಹೇಂಟೆ ಹೇಗೋ ಹಾರಿ ಆ ಓಣಿಯೊಳಗೆ ಬಿದ್ದಿತ್ತು. ರೆಕ್ಕೆ ಬಿಚ್ಚುವುದಕ್ಕೆ ಜಾಗವಿಲ್ಲದೆ ಅಲ್ಲೇ ಉಳಿದಿತ್ತು. ಮಳೆ ಹುಳ, ಎರಡೂ ಮನೆಯಿಂದ ಬೀಳುವ ಕಾಳು ತಿಂದುಕೊಂಡು ಚೆನ್ನಾಗಿಯೇ ಇತ್ತು. ಅಣ್ಣ, ಕೋಳಿ ನಮ್ಮದು ಅನ್ನುತ್ತಾನೆ. ತಮ್ಮ, ನಮ್ಮದು ಅನ್ನುತ್ತಾನೆ. ಇಬ್ಬರ ಮನೆಯಲ್ಲೂ ಅದೇ ಕೆಂಪು ಬಣ್ಣದ ಕೋಳಿಗಳಿವೆ.

ಮೆಂಬರು ಬುದ್ಧಿವಂತ. "ಇವರು ಹೇಳೋದು ಬ್ಯಾಡ. ಕೋಳಿನೇ ಹೇಳ್ಲಿ. ತುದಿ ಬಿಚ್ಚಿಬಿಡಿ, ಯಾವ ಮನೆಗೆ ಹೋಯ್ತದೋ ಅವರದು," ಅಂದ.

ಮೇಸ್ತ್ರಿ ಹಿಂದಿನ ಬೀದಿ ಕಡೆಯ ತುದಿಯ ಜಾಲರಿ ಬಿಚ್ಚಿದ. ಕೋಳಿ ಹೊರಗೆ ಬಂತು. ಅಣ್ಣನ ಹಿತ್ತಲ ಬಾಗಿಲು ನೋಡಿತು. ತಮ್ಮನ ಹಿತ್ತಲ ಬಾಗಿಲು ನೋಡಿತು. ಆಮೇಲೆ ನೆಟ್ಟಗೆ ರಸ್ತೆ ದಾಟಿ, ಎದುರು ಮನೆಯ ಜಗಲಿ ಹತ್ತಿ ಒಳಗೆ ಹೋಯಿತು.

ಎದುರು ಮನೆಯ ಅಜ್ಜಿ ಹೊರಗೆ ಬಂದಳು. "ಅಯ್ಯೋ, ನಮ್ಮ ಕೋಳಿ ಕಣ್ರಪ್ಪಾ. ಹನ್ನೆರಡು ದಿನ ಆಗಿತ್ತು ಕಾಣ್ದಂಗಾಗಿ," ಅಂದಳು. ಆಮೇಲೆ ಒಂದು ಗಳಿಗೆ ತಡೆದು ಕೇಳಿದಳು. "ಅದು ದಿನಾ ಮೊಟ್ಟೆ ಇಡೋ ಕೋಳಿ. ಹನ್ನೆರಡು ದಿನದ ಮೊಟ್ಟೆ ಎಲ್ಲಿ?"

ಮೇಸ್ತ್ರಿ ಬೇಲಿಯ ಪಕ್ಕ ಬಗ್ಗಿ, ಅಣ್ಣನ ಕಡೆ ಹುಲ್ಲಿನಲ್ಲಿ ಬಿದ್ದಿದ್ದ ಒಂದು ಕೋಲು ಎತ್ತಿದ. ಕೋಲಿನ ತುದಿಗೆ ಸೌಟು ಕಟ್ಟಿತ್ತು. ತಮ್ಮನ ಕಡೆ ನೋಡಿದ. ಅಲ್ಲೂ ಒಂದು ಕೋಲು ಇತ್ತು, ಅದಕ್ಕೂ ಸೌಟು ಕಟ್ಟಿತ್ತು. ಒಬ್ಬ ಬೆಳಿಗ್ಗೆ, ಒಬ್ಬ ಸಂಜೆ, ಬೇಲಿಯ ಮೇಲಿಂದ ಸೌಟು ಇಳಿಬಿಟ್ಟು, ಮೊಟ್ಟೆ ಯಾರಿಗೆ ಮೊದಲು ಕಂಡರೆ ಅವರು ಎತ್ತಿಕೊಳ್ಳುತ್ತಿದ್ದರು.

ಮೂರು ವರ್ಷದಲ್ಲಿ ಅಣ್ಣ ತಮ್ಮ ಒಟ್ಟಿಗೆ ಮಾಡಿದ ಮೊದಲ ಕೆಲಸ ಅಂದರೆ, ಅವತ್ತು ಇಬ್ಬರೂ ತಲೆ ತಗ್ಗಿಸಿದ್ದು.

ತೂತು

ಇದು ಬಹಳ ಚಿಕ್ಕದು. ಅರಸೀಕೆರೆಯಲ್ಲೇ ಒಬ್ಬ ಕಂಟ್ರಾಕ್ಟರು. ಹೊಸ ಕಾರು ತೆಗೆದುಕೊಂಡಿದ್ದ. ಕಾರಿನ ಮೇಲೆ ಬೀದಿಯವರ ಕಣ್ಣು ಬೀಳಬಾರದು ಅಂತ ಕಾರಿನ ಸುತ್ತ ಬೇಲಿ ಹಾಕಿಸಿದ. ಗೋಡೆ ಕಟ್ಟಿಸಿ ಅಂದರೆ ಕೇಳಲಿಲ್ಲ. ಬೇಲಿ ಮುಗಿದ ಮೇಲೆ ಬೀದಿಗೆ ಹೋಗಿ ನಿಂತು ನೋಡಿ, ಕೋಪ ಮಾಡಿಕೊಂಡು ಬಂದ.

"ಏನ್ರೀ, ಎಲ್ಲಾ ಕಾಣುತ್ತೆ. ಇದರ ತುಂಬ ಬರೀ ತೂತೇ ಇದೆಯಲ್ರೀ."

ಮೇಸ್ತ್ರಿ ಕಟಿಂಗ್ ಪ್ಲೇಯರು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದ. "ತಂತಿಗೆ ಮಾತ್ರ ದುಡ್ಡು ತಗೊಂಡಿರೋದು ಸಾರ್. ತೂತು ಬಿಟ್ಟಿ."

ಫಾರಿನ್ ಬೇಲಿ

ಬೇಲೂರಿನಲ್ಲಿ ಒಬ್ಬರು ಎಂಟು ವರ್ಷ ಗಲ್ಫಿನಲ್ಲಿದ್ದು ಬಂದಿದ್ದರು. ಬಂದವರು ಊರಿನಲ್ಲಿ ಒಂದು ಮನೆ ಕಟ್ಟಿಸಿ, ಅದರ ಸುತ್ತ ಅಲ್ಲಿ ಇದ್ದಂಥದೇ ಬೇಲಿ ಬೇಕು ಅಂತ ನನ್ನನ್ನು ಕರೆಸಿದರು. ಹೋದ ತಕ್ಷಣ ಆಲ್ಬಮ್ಮು ತೆಗೆದರು.

"ಇದು ನಮ್ಮ ವಿಲ್ಲಾ," ಅಂದರು.

ಫೋಟೊದಲ್ಲಿ ಅವರು ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದರು. ಹಿಂದೆ ಹಸಿರು ಪ್ಲಾಸ್ಟಿಕ್ ಹೊದಿಸಿದ ಚೈನ್‌ಲಿಂಕು, ಕಬ್ಬಿಣದ ಕಂಬ, ಕಂಬದ ತಲೆಯಲ್ಲಿ ಓರೆಯಾಗಿ ಬಾಗಿಸಿದ ಕೈಗಳು, ಅದರ ಮೇಲೆ ಮೂರು ಎಳೆ ಮುಳ್ಳುತಂತಿ. ನಿಜ ಹೇಳಬೇಕೆಂದರೆ ಬಹಳ ಅಚ್ಚುಕಟ್ಟಾದ ಕೆಲಸ. ಆ ಕಾಲಕ್ಕೆ ಹಸಿರು ತಂತಿ ನಮ್ಮ ಕಡೆ ಕಣ್ಣಿಗೂ ಬಿದ್ದಿರಲಿಲ್ಲ. ಮಾಮೂಲಿ ಜಾಲರಿಗೇ ಹಸಿರು ಪೇಂಟು ಹೊಡೆದು ಕೊಡುತ್ತೇನೆ ಅಂದೆ. "ಇಂಡಿಯಾದಲ್ಲಿ ಇನ್ನೇನು ಸಿಗುತ್ತೆ," ಅಂದರು.

ನಾಲ್ಕು ದಿನ ಕೆಲಸ. ನಾಲ್ಕು ದಿನವೂ ಅವರು ಕುರ್ಚಿ ಹಾಕಿಕೊಂಡು ನಮ್ಮ ಎದುರು ಕುಳಿತರು. ಅಲ್ಲಿ ಗುಂಡಿ ತೋಡುವುದಕ್ಕೆ ಮೆಷಿನ್ನು. ಅಲ್ಲಿ ಕಂಬಕ್ಕೆ ಕಂಬ ಒಂದು ಕೂದಲೆಳೆ ಆಚೀಚೆ ಇರುವುದಿಲ್ಲ. ಅಲ್ಲಿ ಕೆಲಸದವರು ಬೀಡಿ ಸೇದುವುದಿಲ್ಲ. ಅಲ್ಲಿ ಕೆಲಸದವರು ನೆರಳಿನಲ್ಲಿ ಕೂರುವುದಿಲ್ಲ. ಮೇಸ್ತ್ರಿ ಕುಡಿಯಲು ನೀರು ಕೇಳಿದಾಗ, "ಅಲ್ಲಿ ಕೆಲಸದವರು ಅವರವರ ನೀರು ಅವರೇ ತರ್ತಾರೆ," ಅಂದರು. ಮೇಸ್ತ್ರಿ ಬೀದಿ ನಲ್ಲಿಗೆ ಹೋಗಿ ಕುಡಿದು ಬಂದ.

ನಾಲ್ಕನೇ ದಿನ ಮುಳ್ಳುತಂತಿಯ ಕೈಗಳನ್ನು ಕೂರಿಸುವ ಕೆಲಸ ಬಂತು. ಮೇಸ್ತ್ರಿ ಕೈ ಒರೆಸಿಕೊಂಡು, ಆ ಫೋಟೊ ಇನ್ನೊಂದು ಸಾರಿ ತೋರಿಸಿ ಅಂದ. ಅವರು ಹೆಮ್ಮೆಯಿಂದ ಕೊಟ್ಟರು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಸಾರ್, ಮುಳ್ಳುತಂತಿ ಕೈ ಯಾವಾಗಲೂ ಹೊರಕ್ಕೆ ಬಾಗಿರ್ತದೆ. ಹೊರಗಿಂದ ಹತ್ತೋನ್ಗೆ ಚುಚ್ಚಬೇಕಲ್ಲ, ಅದಕ್ಕೆ."

"ಅದು ಗೊತ್ತು. ಅಲ್ಲೂ ಹಾಗೇ."

"ಈ ಫೋಟದಾಗೆ ಅದು ನಿಮ್ಮ ತಲೆ ಮ್ಯಾಲೆ ಬಾಗೈತೆ."

ಅವರು ಫೋಟೊ ಕಸಿದುಕೊಂಡು ನೋಡಿದರು. ನಾನೂ ಇಣುಕಿದೆ. ನಿಜ. ಕಪ್ಪು ಕನ್ನಡಕದವರು ಬೇಲಿಯ ಹೊರಗೆ, ರಸ್ತೆಯ ಪಕ್ಕ ನಿಂತಿದ್ದರು. ಒಳಗಿನಿಂದ ಅವರ ಹೆಂಡತಿ ಒಂದು ಚೊಂಬು ನೀರು, ಎರಡು ಲೋಟ ತಂದು ಮೇಸ್ತ್ರಿಯ ಮುಂದೆ ಇಟ್ಟರು.

"ಎಂಟು ವರ್ಷ ಆ ಮನೆಯವರ ಕಾರು ಓಡಿಸಿದಾರೆ," ಅಂದರು. "ಒಳಗೆ ಹೋಗಿರೋದು ಕಾರು ಶೆಡ್ಡಿನವರೆಗೆ."

ಆ ಮನುಷ್ಯನ ಮುಖ ನೋಡಿ ನನಗೂ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಎಂಟು ವರ್ಷ ಕಷ್ಟಪಟ್ಟು ಕಾರು ಓಡಿಸಿ ಮನೆ ಕಟ್ಟಿಸಿದ್ದೇನೆ ಅಂದಿದ್ದರೆ ನಾವೇ ಕೈ ಮುಗಿಯುತ್ತಿದ್ದೆವು. ಅದು ಬಿಟ್ಟು, ನಾಲ್ಕು ದಿನ ನಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿ ವಿಲ್ಲಾ ಕಥೆ ಹೇಳಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಅವರು ಮೆತ್ತಗೆ ಕ್ಯಾಮೆರಾ ತಂದು ಮೇಸ್ತ್ರಿಯ ಕೈಗೆ ಕೊಟ್ಟರು. "ನಾನು ಒಳಗೆ ನಿಂತಿರೋ ಹಾಗೆ ಒಂದು ಫೋಟೊ ತೆಗಿಯಪ್ಪ," ಅಂದರು.

ಮೇಸ್ತ್ರಿ ಬಹಳ ಎಚ್ಚರಿಕೆಯಿಂದ, ಹಿಂದೆ ಹೋಗಿ ಮುಂದೆ ಬಂದು, ಒಂದು ಕಣ್ಣು ಮುಚ್ಚಿ ತೆಗೆದ. ತೊಳೆಸಿ ತಂದಾಗ ಬೇಲಿ ಚೆನ್ನಾಗಿ ಬಂದಿತ್ತು, ಕಂಬಗಳೆಲ್ಲ ನೆಟ್ಟಗಿದ್ದವು, ಮುಳ್ಳುತಂತಿಯ ಒಂದೊಂದು ಮುಳ್ಳೂ ಲೆಕ್ಕಕ್ಕೆ ಸಿಗುತ್ತಿತ್ತು. ಯಜಮಾನರು ಮಾತ್ರ ಒಂದು ಭುಜ, ಅರ್ಧ ಕಿವಿ ಇದ್ದರು.

"ನಾನು ಬೇಲಿ ನೋಡ್ಕೊಂಡು ತೆಗೆದೆ," ಅಂದ ಮೇಸ್ತ್ರಿ.

ಮೇಷ್ಟ್ರ ಬೇಲಿ

ಇದು ನಡೆದ ಊರಿನ ಹೆಸರು ಬೇಡ. ಇದರಲ್ಲಿ ಬರುವ ಪೊಲೀಸ್ ದಫೇದಾರರು ರಿಟೈರಾಗಿದ್ದಾರೆ, ಅವರ ಸಿಟ್ಟು ರಿಟೈರಾಗಿಲ್ಲ.

ಆ ಊರಿನಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರೊಬ್ಬರು ನಿವೃತ್ತರಾಗಿ ಮನೆ ಸುತ್ತ ಬೇಲಿ ಹಾಕಿಸಿದರು. ನಾನು ಕೊಟ್ಟ ಬಿಲ್ಲಿನಲ್ಲಿ ಏಳು ಕಾಗುಣಿತದ ತಪ್ಪುಗಳಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಾಪಸು ಕೊಟ್ಟವರು ಅವರೊಬ್ಬರೇ. ಕೊನೆಗೆ ಜಾಲರಿ ಮೂರಡಿ ಸಾಲದೆ ಬಂದು, ಬಚ್ಚಲ ಹಿಂದೆ ಬೇರೆ ಅಳತೆಯ, ದೊಡ್ಡ ಕಣ್ಣಿನ ಒಂದು ತುಂಡು ಸೇರಿಸಿ ಮೇಸ್ತ್ರಿ ತೇಪೆ ಹಾಕಿದ್ದ. ಮೇಷ್ಟ್ರು ಅದನ್ನು ಕಂಡಾಗಲೆಲ್ಲ, "ಶುದ್ಧ ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದ ನುಗ್ಗಿದ ಹಾಗಿದೆ," ಅನ್ನುತ್ತಿದ್ದರು.

ಒಂದು ಸಾರಿ ಅವರು ಮಗಳ ಊರಿಗೆ, ಮೊಮ್ಮಗುವಿನ ನಾಮಕರಣಕ್ಕೆ ಹೋದರು. ನಾಲ್ಕು ದಿನ ಬಿಟ್ಟು ವಾಪಸು ಬಂದರೆ ಮನೆಯ ಸುತ್ತ ಬರೀ ಕಲ್ಲುಕಂಬ. ಜಾಲರಿ ಇಲ್ಲ. ಮನೆಯ ಬೀಗ ಹಾಗೇ ಇದೆ. ಹಿತ್ತಲ ಬಾಳೆಗೊನೆ ಹಾಗೇ ಇದೆ. ಪಕ್ಕದ ಮನೆಯವನನ್ನು ಕೇಳಿದರು.

"ಹಗಲು ಹನ್ನೊಂದು ಗಂಟೆಗೆ ಟೆಂಪೊ ತಂದಿದ್ರಲ್ಲ ಮೇಷ್ಟ್ರೇ. ನೀವು ಬಣ್ಣ ಹೊಡೆಸೋಕೆ ಕೊಟ್ಟಿದ್ದೀರಿ ಅಂದ್ರು. ನಾನೇ ಒಂದು ಕಡೆ ಹಿಡ್ಕೊಂಡು ಸುತ್ತಿಕೊಟ್ಟೆ. ಪಾಪ, ಬಿಸಿಲು ಅಂತ ಮಜ್ಜಿಗೇನೂ ಕೊಟ್ಟೆ."

ಮೇಷ್ಟ್ರು ಸ್ಟೇಷನ್ನಿಗೆ ಹೋದರು. ದಫೇದಾರರು ಪುಸ್ತಕ ತೆರೆದರು.

"ಏನು ಕಳುವಾಗಿದೆ?"

"ಬೇಲಿ."

"ಬೇಲಿ ಒಳಗಿನದು?"

"ಒಳಗಿನದು ಏನೂ ಹೋಗಿಲ್ಲ."

"ಹಾಗಾದ್ರೆ ಬೇಲಿ ಕೆಲಸ ಮಾಡಿದೆ ಬಿಡಿ," ಅಂದು ದಫೇದಾರರು ಪುಸ್ತಕ ಮುಚ್ಚಿದರು. ಮೇಷ್ಟ್ರು ಅಲ್ಲೇ ಕುಳಿತು, ವ್ಯಾಕರಣಬದ್ಧವಾದ ಎರಡು ಪುಟದ ದೂರು ಬರೆದುಕೊಟ್ಟ ಮೇಲೆ, ವಿಧಿಯಿಲ್ಲದೆ ಮತ್ತೆ ತೆರೆದರು.

ಮರುದಿನ ನನಗೂ ಮೇಸ್ತ್ರಿಗೂ ಕರೆ ಬಂತು. ತಂತಿ ಕತ್ತರಿಸದೆ ಜಾಲರಿ ಬಿಚ್ಚುವುದು ಹೇಗೆಂದು ಗೊತ್ತಿರುವವರು ಸುತ್ತಮುತ್ತ ನಾವಿಬ್ಬರೇ ಅನ್ನುವುದು ದಫೇದಾರರ ತರ್ಕ. ಎರಡು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದರು. ಬಂದವರಿಗೆಲ್ಲ ನಮ್ಮನ್ನು ತೋರಿಸಿ, "ಇವರೇ ಹಾಕೋದು, ಇವರೇ ಬಿಚ್ಚೋದು. ಒಳ್ಳೇ ವ್ಯಾಪಾರ," ಅನ್ನುತ್ತಿದ್ದರು. ಸಾಕ್ಷಿ ಏನೂ ಸಿಗದೆ ಬಿಟ್ಟರು. ಆದರೆ ಸುದ್ದಿ ಊರಿಂದ ಊರಿಗೆ ಹೋಗಿತ್ತು. ಎರಡು ತಿಂಗಳು ಶೆಡ್ಡಿನ ಕಡೆ ಯಾರೂ ಬರಲಿಲ್ಲ. ಬಂದ ಒಬ್ಬ ಗಿರಾಕಿಯೂ, "ಹಾಕಿದ ಮೇಲೆ ಎಷ್ಟು ದಿನ ಬಿಟ್ಟಿರ್ತೀರಿ?" ಅಂತ ಕೇಳಿದ. ಹನ್ನೆರಡು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಬೆಂಚಿನ ಮೇಲೆ ಹೋಯಿತು. ಆ ದಿನಗಳಲ್ಲಿ ನನಗೆ ನಗು ಬಂದದ್ದು ನೆನಪಿಲ್ಲ. ಮನೆಯಲ್ಲಿ ಹೆಂಡತಿ, "ಮೆಷಿನ್ನು ಮಾರಿಬಿಡಿ," ಅಂದಳು.

ಅಷ್ಟರಲ್ಲಿ ದಫೇದಾರರೇ ಹೇಳಿಕಳಿಸಿದರು. ಅವರ ಮನೆ ಹಿತ್ತಲ ಬೇಲಿ ಸಡಿಲವಾಗಿದೆ, ಬಂದು ಬಿಗಿ ಮಾಡಿಕೊಡಬೇಕು. ನಮಗೆ ಹೋಗದೆ ವಿಧಿ ಇರಲಿಲ್ಲ. ಹೋದಾಗ ದಫೇದಾರರು ಡ್ಯೂಟಿಯಲ್ಲಿದ್ದರು. ಹಿತ್ತಲ ತುಂಬ ತರಕಾರಿ. ಸುತ್ತ ಜಾಲರಿ. ಅದರ ಮೇಲೆ ಅವರೆ ಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಮೇಸ್ತ್ರಿ ಬೇಲಿಯ ಉದ್ದಕ್ಕೂ ಕೈ ಸವರುತ್ತ ಮೂಲೆಯವರೆಗೆ ಹೋದ. ಅಲ್ಲಿ ನಿಂತು, ಬಳ್ಳಿ ಸರಿಸಿ, ನನ್ನನ್ನು ಕರೆದ.

"ಯಜಮಾನ್ರೇ, ಈ ತೇಪೆ ನಂದು."

ಮೂರಡಿ ತುಂಡು. ದೊಡ್ಡ ಕಣ್ಣು. ನಾನು ಬಸ್‌ಸ್ಟ್ಯಾಂಡಿನವರೆಗೆ ಓಡಿ, ಆಟೋ ಹಿಡಿದು ಮೇಷ್ಟ್ರನ್ನು ಕರೆದುಕೊಂಡು ಬಂದೆ. ಅಷ್ಟು ಹೊತ್ತಿಗೆ ಊಟಕ್ಕೆಂದು ದಫೇದಾರರೂ ಬಂದಿದ್ದರು. ಅವರು ಒಂದಿಷ್ಟೂ ಗಾಬರಿಯಾಗಲಿಲ್ಲ. ಬೆಲ್ಟು ಸಡಿಲಿಸಿಕೊಂಡು ವಿವರಿಸಿದರು.

"ಕಳ್ಳ ಸಿಕ್ಕಿ ಒಂದೂವರೆ ತಿಂಗಳಾಯ್ತು ಮೇಷ್ಟ್ರೇ. ಇದು ಜಪ್ತಿ ಮಾಲು. ಸ್ಟೇಷನ್ನಿನಲ್ಲಿ ಇಡೋಕೆ ಜಾಗ ಇಲ್ಲ. ಸುತ್ತಿ ಇಟ್ರೆ ತುಕ್ಕು ಹಿಡಿಯುತ್ತೆ. ಸಾಕ್ಷಿಯ ಮಾಲು ಹಾಳಾಗಬಾರದು ಅಂತ ನಾನೇ ಬಿಚ್ಚಿ, ಗಾಳಿಗೆ ನಿಲ್ಲಿಸಿದ್ದೀನಿ."

"ನನಗೆ ಯಾಕೆ ಹೇಳಲಿಲ್ಲ?"

"ತನಿಖೆ ನಡೀತಿದೆ. ಹೊರಗಿನವರಿಗೆ ಹೇಳೋ ಹಾಗಿಲ್ಲ."

"ಬೇಲಿ ನನ್ನದು."

"ಅದಕ್ಕೇ ನೀವು ಕೇಸಿನಲ್ಲಿ ಪಾರ್ಟಿ."

ನಾನು ಧೈರ್ಯ ಮಾಡಿ, "ಇದರ ಮೇಲೆ ಅವರೆ ಬಳ್ಳಿ ಹಬ್ಬಿದೆಯಲ್ಲ ಸಾರ್?" ಅಂದೆ.

"ಅದು ತಾನಾಗಿ ಹಬ್ಬಿದ್ದು. ಅದರ ಮೇಲೆ ಕೇಸಿಲ್ಲ."

ಮೇಷ್ಟ್ರು ಬೇಲಿ ನೋಡಿದರು, ಬೇಲಿಯ ಹಿಂದಿನ ಬದನೆ, ಮೆಣಸಿನಗಿಡಗಳ ಸಾಲು ನೋಡಿದರು, ಖಾಕಿ ಬಟ್ಟೆಯ ದಫೇದಾರರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ತರಗತಿಯಲ್ಲಿ ಮಾತಾಡುವ ಹಾಗೆ, ನಿಧಾನವಾಗಿ, ಒತ್ತಕ್ಷರಗಳನ್ನೆಲ್ಲ ಸರಿಯಾಗಿ ಉಚ್ಚರಿಸಿ ಹೇಳಿದರು.

"ಮೂವತ್ತೊಂದು ವರ್ಷ ಹತ್ತನೇ ತರಗತಿಗೆ ಪಾಠ ಮಾಡಿದ್ದೇನೆ. ಪ್ರತಿ ವರ್ಷ, 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಅನ್ನುವ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂತ ಪ್ರಶ್ನೆ ಕೊಟ್ಟಿದ್ದೇನೆ. ಒಬ್ಬ ಹುಡುಗನಿಗೂ ಪೂರ್ತಿ ಅಂಕ ಕೊಡಲು ಮನಸ್ಸು ಬಂದಿರಲಿಲ್ಲ."

ಜೇಬಿನಿಂದ ಕೆಂಪು ಪೆನ್ನು ತೆಗೆದು ದಫೇದಾರರ ಅಂಗಿ ಜೇಬಿಗೆ ಸಿಕ್ಕಿಸಿದರು.

"ನಿಮಗೆ ಐದಕ್ಕೆ ಐದು."